ಆಷಾಢದ ಒಂಟಿ ಮಾತ್ರೆ

ನಾನು ಒಂದು ಮಾತ್ರೆ. ಜ್ವರದ ಮಾತ್ರೆಗಳು ಹತ್ತು ಹತ್ತಾಗಿ ಒಂದೇ ಹಾಳೆಯಲ್ಲಿ ಹುಟ್ಟುತ್ತವೆ, ನಾನು ಒಂಟಿ. ಯಂತ್ರವೊಂದು ಬಿಳಿ ಪುಡಿ ಒತ್ತಿ ನನ್ನನ್ನು ದುಂಡಗೆ ಮಾಡಿತು, ಇನ್ನೊಂದು ಬೆಳ್ಳಿಬಣ್ಣದ ಹಾಳೆಯಲ್ಲಿ ಮುಚ್ಚಿತು. ಬೇಡದ ಬಸಿರು ಆಗದಂತೆ ತಡೆಯುವುದು ನನ್ನ ಕೆಲಸ. ಆಗಿಹೋದ ಬಸಿರಿನ ತಂಟೆಗೆ ನಾನು ಹೋಗುವುದಿಲ್ಲ. ಗಂಡು ಹೆಣ್ಣು ಕೂಡಿದ ಹೊತ್ತಿನಿಂದ ಗಡುವು ಎಪ್ಪತ್ತೆರಡು ಗಂಟೆ; ಬೇಗ ನುಂಗಿದಷ್ಟೂ ನನಗೆ ಬಲ. ಇಂಥವಳಿಗೆ ತಾಳ್ಮೆ ಎಲ್ಲಿಂದ ಬರಬೇಕು?

ಆದರೂ ಆರೋಗ್ಯ ಕೇಂದ್ರದ ಬೀರುವಿನಲ್ಲಿ ಒಂದು ವರ್ಷ ಬಿದ್ದಿದ್ದೆ. ಆಮೇಲೆ ಆಶಾ ಕಾರ್ಯಕರ್ತೆ ಕೆಂಪಾಜಮ್ಮನ ಚೀಲ ಸೇರಿದೆ. ಜ್ವರದ ಮಾತ್ರೆಗಳು ದಿನಾ ಖಾಲಿಯಾಗುತ್ತಿದ್ದವು. ನನ್ನ ಹೆಸರೆತ್ತಿದರೆ ಮಾತ್ರ ಹೆಂಗಸರು ಸೆರಗು ಬಾಯಿಗಿಟ್ಟು ಒಳಗೆ ಹೋಗುತ್ತಿದ್ದರು. ನನಗೆ ರೇಗಿಹೋಗುತ್ತಿತ್ತು.

ಕೊನೆಗೂ ನನ್ನನ್ನು ಕೇಳಿದವಳು ಇಪ್ಪತ್ತೊಂದು ವರ್ಷದ ಸಿಂಚನ. ಹೊಸದಾಗಿ ಮದುವೆಯಾದವರು ಆಷಾಢದಲ್ಲಿ ಒಟ್ಟಿಗಿರಬಾರದೆಂದು ತವರಿಗೆ ಬಂದಿದ್ದಳು. ಮಂಗಳವಾರ ಮಧ್ಯಾಹ್ನ ಮನೆಯವರೆಲ್ಲ ಗದ್ದೆಗೆ ಹೋದಾಗ, ಮರೆತುಬಂದ ಹಾಲ್ ಟಿಕೆಟ್ ಕೊಡುವ ನೆಪದಲ್ಲಿ ಗಂಡ ಬಂದು ಹೋಗಿದ್ದ. ಮುಂದಿನ ತಿಂಗಳು ಅವಳಿಗೆ ಪೊಲೀಸ್ ಕೆಲಸದ ಓಟದ ಪರೀಕ್ಷೆ. ಬಸಿರಾದರೆ ಓಟವೂ ಇಲ್ಲ, ಕೆಲಸವೂ ಇಲ್ಲ. ಎರಡು ದಿನ ಒದ್ದಾಡಿ, ಶುಕ್ರವಾರ ಬೆಳಿಗ್ಗೆ ಕೆಂಪಾಜಮ್ಮನ ಕೈ ಹಿಡಿದಳು.

"ಈಗ್ಲೇ ನುಂಗು ಕಣವ್ವ. ಮೂರು ದಿನ ದಾಟುದ್ರೆ ನಾನು ಗ್ಯಾರಂಟಿ ಕೊಡಾಕಿಲ್ಲ," ಎಂದಳು ಕೆಂಪಾಜಮ್ಮ.

ಸಿಂಚನ ತಲೆಯಾಡಿಸಿದಳು, ನುಂಗಲಿಲ್ಲ. ಓಟದಲ್ಲಿ ಗೆಲ್ಲಿಸೆಂದು ಚಾಮುಂಡಿಗೆ ಹರಕೆ ಹೊತ್ತು ಆಷಾಢ ಶುಕ್ರವಾರದ ಉಪವಾಸ ಹಿಡಿದಿದ್ದಳು. ಸಂಜೆ ದೀಪ ಹಚ್ಚುವವರೆಗೆ ನೀರೂ ಮುಟ್ಟುವಂತಿಲ್ಲ. ಬೆರಳು ಮಡಿಸಿ ಎಣಿಸಿದಳು: ಬುಧವಾರ, ಗುರುವಾರ, ಶುಕ್ರವಾರ. ರಾತ್ರಿಯವರೆಗೂ ಸಮಯವಿದೆ ಎಂದುಕೊಂಡು ನನ್ನನ್ನು ಬಳೆ ಡಬ್ಬಿಗೆ ಹಾಕಿದಳು. ಅಯ್ಯೋ ಹುಡುಗಿ, ದಿನವಲ್ಲ, ಗಂಟೆ ಎಣಿಸು! ಮಧ್ಯಾಹ್ನ ಮೂರಕ್ಕೇ ಗಡುವು ಮುಗಿಯುತ್ತದೆ! ಕೂಗೋಣವೆಂದರೆ ನನಗೆ ಬಾಯಿಲ್ಲ. ಹತ್ತಾಯಿತು, ಹನ್ನೊಂದಾಯಿತು. ಬಳೆಗಳ ನಡುವೆ ಮುಳ್ಳಿನ ಮೇಲೆ ಕೂತಂತಾಯಿತು.

ಹನ್ನೆರಡಕ್ಕೆ ಡಬ್ಬಿ ತೆರೆದದ್ದು ಅವಳ ತಾಯಿ ಪುಟ್ಟಲಕ್ಷ್ಮಿ, ಪೂಜೆಗೆ ಹಸಿರು ಬಳೆ ಹುಡುಕುತ್ತಾ. ನನ್ನ ಮೇಲಿನ ಅಕ್ಷರ ಓದಿದಳು. ಮುಖ ಕಪ್ಪಿಟ್ಟಿತು. ಒಲೆಗೆ ಎಸೆದಾಳೆಂದು ಹೆದರಿದೆ.

"ಅಳಿಯ ಯಾವಾಗ ಬಂದಿದ್ದ?" ಎಂದು ಮಗಳನ್ನು ಕರೆದು ಕೇಳಿದಳು.

"ಮಂಗ್ಳಾರ... ಮೂರು ಗಂಟೆಗೆ," ಎಂದಳು ಸಿಂಚನ ನೆಲ ನೋಡುತ್ತಾ.

"ಇವತ್ತು ಮೂರು ಗಂಟೆಗೆ ಮೂರು ದಿನ ತುಂಬ್ತದಲ್ಲೇ! ಇದ್ಯಾಕೆ ಇನ್ನೂ ಇಲ್ಲೈತೆ?"

"ಉಪವಾಸ ಕಣವ್ವ. ಹರಕೆ."

ಪುಟ್ಟಲಕ್ಷ್ಮಿ ನನ್ನನ್ನು ಕೈಯಲ್ಲಿ ಹಿಡಿದು ಡಬ್ಬಿ ಮುಚ್ಚಿದಳು. "ನಿನ್ನ ಬಸುರಾದಾಗ ನಾನು ಮೇಷ್ಟ್ರು ಕೆಲ್ಸಕ್ಕೆ ಓದ್ತಿದ್ದೆ. ಅರ್ಧಕ್ಕೇ ಬುಟ್ಟೆ. ನೀನು ಹುಟ್ಟಿದ್ದಕ್ಕೆ ಬೇಜಾರಿಲ್ಲ ಕಣವ್ವ, ಓದು ಬುಟ್ಟಿದ್ದಕ್ಕೈತೆ."

ಒಳಗೆ ಹೋಗಿ ಲೋಟದಲ್ಲಿ ನೀರು ತಂದಳು. ಹಾಳೆ ಹರಿದು ನನ್ನನ್ನು ಮಗಳ ಅಂಗೈಯಲ್ಲಿಟ್ಟಳು.

"ಹರಕೆ ಮುರಿದೋಯ್ತದಲ್ಲವ್ವ?"

"ಮಿಕ್ಕ ಉಪವಾಸ ನಾನ್ ಹಿಡೀತೀನಿ. ನೀನು ನುಂಗು."

ನಾಲಿಗೆಯ ಮೇಲೆ ಒಂದು ಗಳಿಗೆ ಕೂತೆ, ಹಿಂದೆಯೇ ನೀರು ಬಂತು. ಕರಗುತ್ತಾ ಯೋಚಿಸಿದೆ: ತಾಯಿಗೆ ನಾನು ಇಪ್ಪತ್ತೆರಡು ವರ್ಷ ತಡವಾದೆ. ಮಗಳಿಗೆ ಆಗಲಿಲ್ಲ.