ಬಳೆ ತೆಗೆಯಲು ಬಂದವಳು

“ಸೋಪು ಹಚ್ಚಿ ಜಾರಿಸಿಬಿಡು ಚಿಕ್ಕಮುನಿಯಮ್ಮ. ಒಂದೂ ಒಡೀಬಾರ್ದು,” ಎಂದರು ರಮಾಮಣಿ, ಆಸ್ಪತ್ರೆ ವಾರ್ಡಿನ ಬಾಗಿಲಲ್ಲೇ ಅವಳನ್ನು ತಡೆದು.

ಹಲಸೂರಿನಿಂದ ಜಟಕಾದಲ್ಲಿ ಬಂದಿಳಿದ ಬಳೆಗಾರ್ತಿಗೆ ಮೊದಲು ಏನೂ ತಿಳಿಯಲಿಲ್ಲ. ಹದಿನೈದು ದಿನದ ಹಿಂದೆ ಇವರ ಸೊಸೆ ವೇದಾಳ ಸೀಮಂತಕ್ಕೆ ಎರಡೂ ಮುಂಗೈ ತುಂಬ ಹಸಿರು ಬಳೆ ತೊಡಿಸಿದ್ದು ಅವಳೇ. ಹೆರಿಗೆ ಆಗುವ ತನಕ ತೆಗೆಯಬೇಡಿ ಎಂದು ಹೇಳಿಬಂದವಳೂ ಅವಳೇ.

ಮಂಚದ ಮೇಲೆ ವೇದಾ ದಿಂಬಿಗೆ ಒರಗಿ ಕೂತಿದ್ದಳು; ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಅರವತ್ತೆಂಟನೇ ಇಸವಿಯ ಆ ಫ್ಲೂ ಜ್ವರ ಓಣಿ ಓಣಿ ಸುತ್ತಿ ಬಸುರಿಯ ಎದೆಗೂಡಿಗೇ ಇಳಿದಿತ್ತು. ತುಟಿ ನೀಲಿಗಟ್ಟಿತ್ತು. ಕೈ ಊದಿ ಬಳೆಗಳು ಚರ್ಮದೊಳಗೆ ಹೂತಿದ್ದವು.

“ಮೊಣಕೈ ಹತ್ರ ಚುಚ್ಚಿ ಚುಚ್ಚಿ ಸಾಕಾಯ್ತು, ಡ್ರಿಪ್ ಹಾಕೋಕೆ ನರಾನೇ ಸಿಗ್ತಿಲ್ಲ,” ಎಂದಳು ನರ್ಸ್ ಆಬಿದಾ. “ಬಳೆ ಒಡೀತೀನಿ ಅಂದ್ರೆ ಇವ್ರು ಬಿಡಲ್ಲ. ಬಳೆಯೋಳು ಬರ್ಲಿ ಅಂತ ಬೆಳಿಗ್ಗೆಯಿಂದ ಕೂತವ್ರೆ.”

“ಬೆಳಿಗ್ಗೆಯಿಂದ?” ಎಂದಳು ಬಳೆಗಾರ್ತಿ.

ವೇದಾಳ ಗಂಡ ನಾಣಿ ಕಿಟಕಿಯ ಹತ್ತಿರ ನಿಂತು ಫ್ಯಾಕ್ಟರಿ ಬ್ಯಾಡ್ಜನ್ನು ತಿರುವುತ್ತಿದ್ದ.

ಚಿಕ್ಕಮುನಿಯಮ್ಮ ಸೋಪು ಹಚ್ಚಿ ಒಂದು ಬಳೆ ಎಳೆದಳು. ಚರ್ಮವೂ ಜೊತೆಗೆ ಬಂತು. ನರಳಲು ಕೂಡ ವೇದಾಳಿಗೆ ಉಸಿರಿರಲಿಲ್ಲ, ಸುಮ್ಮನೆ ನೋಡಿದಳು.

ಮೂವತ್ತು ವರ್ಷದಲ್ಲಿ ಬಸುರಿಯ ಕೈಯಲ್ಲಿ ಒಂದು ಬಳೆಯೂ ಬಿರುಕು ಬಿಟ್ಟಿರಲಿಲ್ಲ ಅವಳಿಂದ. ಬಟ್ಟೆಯ ತುಂಡೊಂದನ್ನು ಒದ್ದೆ ಮಾಡಿ, ಮಡಿಸಿ, ಬಳೆಯ ಸುತ್ತ ಹಿಡಿದು ಅದುಮಿದಳು. ಟಕ್ ಎಂದಿತು.

“ಏನು ಮಾಡ್ತಿದೀಯೇ? ನನ್ನ ಮಗ ಎದುರಿಗೇ ನಿಂತಿದಾನೆ,” ಎಂದರು ರಮಾಮಣಿ.

“ನಿಂತವ್ನೆ ಅಮ್ಮಾವ್ರೇ, ಗುಂಡುಕಲ್ಲಿನಂಗೆ ನಿಂತವ್ನೆ. ಉಸಿರು ಕಟ್ತಿರೋದು ಈ ಹುಡುಗೀಗೆ.” ಟಕ್. “ತೆಗೀಬೇಡಿ ಅಂದೋಳು ನಾನೇ. ನನ್ನ ಬಾಯಿಗೆ ಮಣ್ಣು ಹಾಕ. ನಾನೊಂದು ಮಾತು ಅಂದ್ರೆ ನಿಮ್ಗೆ ಕಣ್ಣಿಲ್ವಾ?” ಟಕ್. “ನಾಣಪ್ಪ, ನೀನು ಹೇಳಪ್ಪ. ಒಡೀಲಾ, ಬ್ಯಾಡ್ವಾ?”

ನಾಣಿ ಅಮ್ಮನ ಮುಖ ನೋಡಿದ.

“ನೋಡ್ತಾನೇ ಇರು,” ಎಂದು ಅವಳು ಆ ಕೈಯಲ್ಲಿ ಉಳಿದದ್ದನ್ನೂ ಒಡೆದಳು.

ಬೋಳಾದ ಮುಂಗೈಯಲ್ಲಿ ನರ ನಿಧಾನಕ್ಕೆ ಎದ್ದಿತು. ಆಬಿದಾ ಸೂಜಿ ಇಳಿಸಿದಳು. ಬಾಟಲಿಯಲ್ಲಿ ಹನಿ ಬೀಳತೊಡಗಿತು. “ಆ ಕೈನೂ ಬಿಡಿಸ್ಬೇಕು, ಊತ ಇನ್ನೂ ಏರ್ತಿದೆ,” ಎಂದಳು.

ಅಷ್ಟರಲ್ಲಿ ರಮಾಮಣಿ ಮಂಚದ ಆ ಕಡೆಗೆ ಹೋಗಿ, ವೇದಾಳ ಇನ್ನೊಂದು ಕೈಯ ಬಳೆಗಳನ್ನು ಎರಡೂ ಅಂಗೈಯಿಂದ ಮುಚ್ಚಿ ಹಿಡಿದಿದ್ದರು. ಚಿಕ್ಕಮುನಿಯಮ್ಮ ಹಸಿರು ಚೂರುಗಳನ್ನು ಬೇಸಿನ್ನಿಗೆ ಕೊಡವಿ, ಬಟ್ಟೆಯನ್ನು ಮತ್ತೆ ಒದ್ದೆ ಮಾಡಿ ಹಿಂಡಿಕೊಂಡು, ಆ ಬದಿಗೇ ಹೋಗಿ ಕೂತಳು. ರಮಾಮಣಿಯವರ ಬೆರಳುಗಳು ಸಡಿಲಾಗುವುದನ್ನೇ ನೋಡುತ್ತ ಕಾದಳು.