ನಂಜಯ್ಯನ ಹೆಬ್ಬೆಟ್ಟು

1942ನೇ ಇಸವಿ ಜೂನ್ ತಿಂಗಳಲ್ಲಿ, ಹೊಳೆನರಸೀಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ, ಅಣ್ಣಮ್ಮನ ಹೆಸರನ್ನು ವಿಜ್ಞಾನದ ಪಟ್ಟಿಯಿಂದ ಹೊಡೆದುಹಾಕಿದರು. ಲೆಕ್ಕದಲ್ಲಿ ತರಗತಿಗೆ ಅವಳೇ ಮೊದಲು.

ಅವಳ ಅಪ್ಪ ನಂಜಯ್ಯ ಕಪಿಲೆ ಹೊಡೆಯುತ್ತಿದ್ದ. ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ಚರ್ಮದ ಚೀಲ ಬಾವಿಯಿಂದ ನೀರು ಹೊತ್ತು ಮೇಲೇರುತ್ತಿತ್ತು. ನಾಳೆ ಸ್ಕೂಲಿಗೆ ಬಂದು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕೆಂದು ಹೆಡ್ ಮೇಷ್ಟರು ಹೇಳಿಕಳಿಸಿದ್ದರು.

"ಒತ್ತಿ ಬಂದ್ಬುಡ್ತೀನಿ ಕಣವ್ವ," ಎಂದ, ಆಸ್ಪತ್ರೆಯಲ್ಲಿ ಔಷಧಿ ಕಲಸಿಕೊಡುವ ನೆರೆಮನೆಯ ನೀಲಗಂಗಮ್ಮನಿಗೆ. "ಎಣ್ಮಗ ಇಜ್ಞಾನ ಓದಿ ಏನ್ ಮಳೆ ಬರುಸ್ತಾಳಾ?"

"ಮಳೆ ಹಂಗಿರ್ಲಿ. ಹೋದ ತಿಂಗಳು ನಿನ್ನ ಬಾವಿ ರಾಟೆ ಕಿರ್ರೋ ಅಂತಿತ್ತಲ್ಲ, ಸರಿ ಮಾಡಿದ್ಯಾರು?"

ನಂಜಯ್ಯ ರಾಟೆಯತ್ತ ನೋಡಿದ. ಎತ್ತಿಗೆ ವಯಸ್ಸಾಗಿ ಎಳೆಯಲಾಗುತ್ತಿಲ್ಲವೆಂದು ಅವನು ಮಾರಲು ಹೊರಟಾಗ, ರಾಟೆಯ ಅಚ್ಚು ಬಿಚ್ಚಿ, ಸವೆದದ್ದನ್ನು ತೋರಿಸಿ, ಸರಿಮಾಡಿದವಳು ಅಣ್ಣಮ್ಮ.

"ಅವಳ್ಗೆಂಗೆ ಗೊತ್ತಾಯ್ತು?" ಎಂದು ಕೇಳಿದ.

"ಮಿಡ್ಲ್ ಸ್ಕೂಲಲ್ಲಿ ಲಕ್ಕಯ್ಯ ಮೇಷ್ಟ್ರು ರಾಟೇನ ಮಕ್ಕಳ ಕೈಗೇ ಕೊಟ್ಟಿದ್ರು. ಬಿಚ್ಚಿ, ಮತ್ತೆ ಕಟ್ಟಿ ಅಂತ. ನಂಗೂ ಹಂಗೇ ಒಬ್ರು ತಕ್ಕಡಿ ಕೊಟ್ಟಿದ್ರು ಕಣಪ್ಪ. ಅವತ್ತು ಕೈಗೆ ಹತ್ತಿದ ತೂಕ, ಇವತ್ತು ನನ್ನ ಕೆಲಸ. ಡಾಕ್ಟ್ರಾಗೋಕೂ ಇಂಜಿನಿಯರಾಗೋಕೂ ಆ ವಿಜ್ಞಾನದ ಪಟ್ಟೀಲಿ ಹೆಸರಿರ್ಲೇಬೇಕು."

"ಹೆಡ್ ಮೇಷ್ಟ್ರು ತಿಳ್ದೋರಲ್ವಾ?"

"ತಿಳ್ದೋರೇ. ಅದಕ್ಕೇ ಏನು ಬರ್ದವ್ರೆ ಅಂತ ಓದಿಸ್ಕೊ."

ನಂಜಯ್ಯ ಹುಟ್ಟಿದಾಗಿನಿಂದ ಓದಿಸಿ ಕೇಳಿ ಹೆಬ್ಬೆಟ್ಟು ಒತ್ತಿದವನಲ್ಲ. ಓದಿಸಿದರೆ ದೊಡ್ಡವರನ್ನು ನಂಬದಂತಾಗುತ್ತದೆಂದು ಅವನ ಅಪ್ಪ ಸುಮ್ಮನೆ ಒತ್ತುತ್ತಿದ್ದ. ಇವನೂ ಅಷ್ಟೇ.

ಮರುದಿನ ಹೆಡ್ ಮೇಷ್ಟರು ಮಸಿಯ ಡಬ್ಬಿ ಮುಂದೆ ತಳ್ಳಿದರು. ನಂಜಯ್ಯ ಹೆಬ್ಬೆರಳು ಅದ್ದಿದ. ಅದ್ದಿದವನು ತಡೆದ.

"ಒಸಿ ಓದಿ ಸಾ."

ಮೇಷ್ಟರು ಹುಬ್ಬು ಗಂಟಿಕ್ಕಿದರು. ಓದಿದರು: "ನನ್ನ ಮಗಳಿಗೆ ವಿಜ್ಞಾನ ಬೇಡವೆಂದು ಸ್ವಇಚ್ಛೆಯಿಂದ ಕೋರುತ್ತೇನೆ."

"ನಾನ್ಯಾವಾಗ ಕೋರ್ದೆ ಸಾ?"

"ಪ್ರಯೋಗದ ಕೋಣೇಲಿ ಇರೋದು ಇಪ್ಪತ್ತು ಜಾಗ. ಹುಡುಗರಿಗೇ ಸಾಲದು. ಒತ್ತಯ್ಯ, ಹೊತ್ತಾಯ್ತು."

ತಂದೆತಾಯಿಗಳೇ, ಈ ಕಾಗದ ನಿಮ್ಮ ಮುಂದೆಯೂ ಬಂದೀತು. ಓದಿಸಿ ಕೇಳಿ. ಮಗು ಸಂಜೆ ಮನೆಗೆ ಬಂದಾಗ, ಏನು ಬಾಯಿಪಾಠ ಮಾಡಿದೆ ಎಂದಷ್ಟೇ ಕೇಳಬೇಡಿ. ಏನನ್ನು ಮುಟ್ಟಿ ಕಲಿತೆ ಎಂದು ಕೇಳಿ. ಮುಟ್ಟಗೊಡದಿದ್ದರೆ ಸ್ಕೂಲಿಗೆ ಹೋಗಿ ನಿಲ್ಲಿ. ನಂಜಯ್ಯ ನಿಂತ.

ಮಸಿಯ ಹೆಬ್ಬೆರಳನ್ನು ಹೆಗಲ ಟವೆಲ್ಲಿಗೆ ಒರೆಸಿಕೊಂಡ.

"ಇಪ್ಪತ್ತೊಂದನೇ ಜಾಗ ಮಾಡಿ ಸಾ. ನಾನು ಒತ್ತಾಕಿಲ್ಲ."