ಒಲೆಯ ಮುಂದಿನ ಬೆಟ್ಟ

ಅತ್ತೆಯ ಬೆಟ್ಟದ ಕಥೆ ಕೇಳಿ ಕೇಳಿ ನಮ್ಮ ಮನೆಯವರ ಕಿವಿ ತೂತಾಗಿತ್ತು. "ನಮ್ಮ ಹಳೇ ಮನೆಯ ಅಡುಗೆಮನೆ ಕಿಟಕಿ ತುಂಬಾ ಬೆಟ್ಟ ಕಣೇ. ಆಕಾಶಕ್ಕೆ ಜಾಗಾನೇ ಇರಲಿಲ್ಲ" ಎಂದು ಅವಳು ಶುರು ಮಾಡಿದರೆ ಚಿಕ್ಕಪ್ಪ ಎದ್ದು ಹೋಗುತ್ತಿದ್ದ. ಅವನು ಅತ್ತೆಯ ತಮ್ಮ, ಅದೇ ಮನೆಯಲ್ಲಿ ಬೆಳೆದವನು. "ಎಲ್ಲೋ ದೂರದಲ್ಲಿ ಒಂದು ಗುಡ್ಡ ಇತ್ತಪ್ಪ. ಅಕ್ಕ ಅದನ್ನ ವರ್ಷ ವರ್ಷ ಬೆಳೆಸ್ತಾ ಇದಾಳೆ" ಎನ್ನುತ್ತಿದ್ದ.

ಆ ಅಂಗಿಯ ಗಲಾಟೆ ಆಗದಿದ್ದರೆ ಇದು ತಮಾಷೆಯಾಗಿಯೇ ಉಳಿಯುತ್ತಿತ್ತು. ಅತ್ತೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಾಳೆ. ಗಿರಾಕಿಗಳ ಅಳತೆಯನ್ನು ಅವಳು ಎಲ್ಲೂ ಬರೆದಿಡುವುದಿಲ್ಲ, ಎಲ್ಲವೂ ತಲೆಯಲ್ಲೇ. ಹೋದ ತಿಂಗಳು ಅಂಚೆ ಕಚೇರಿಯ ಗುಮಾಸ್ತನ ಅಂಗಿಯನ್ನು ಅವನ ದಢೂತಿ ಭಾವಮೈದುನನ ಅಳತೆಗೆ ಹೊಲಿದುಬಿಟ್ಟಳು. ಗುಮಾಸ್ತ ನಕ್ಕು ಸುಮ್ಮನಾದ. ಚಿಕ್ಕಪ್ಪ ಸುಮ್ಮನಾಗಲಿಲ್ಲ.

"ಅಕ್ಕನಿಗೆ ನೆನಪು ಕೈ ಕೊಡ್ತಾ ಇದೆ. ಆ ಬೆಟ್ಟದ ವಿಷಯದಲ್ಲೇ ನಂಗೆ ಅನುಮಾನ ಇತ್ತು. ಇನ್ನು ಅಂಗಡಿ ಸಾಕು" ಎಂದ.

ಅತ್ತೆ ಕೆಂಡಾಮಂಡಲವಾದಳು. "ಬೆಟ್ಟ ಹೇಗಿತ್ತೋ ಹಾಗೇ ಹೇಳಿದೀನಿ. ಬೇಕಾದ್ರೆ ಇವಳು ಹೋಗಿ ಫೋಟೋ ತೆಗೆದುಕೊಂಡು ಬರ್ಲಿ. ನಂದು ಸುಳ್ಳಾದ್ರೆ ಅಂಗಡಿ ಬೀಗದಕೈ ನಿನ್ನ ಕೈಲಿಡ್ತೀನಿ."

ಇವಳು ಅಂದರೆ ನಾನು. ಮದುವೆಗಳಲ್ಲಿ, ಶಾಲೆಯ ಸಮಾರಂಭಗಳಲ್ಲಿ ಫೋಟೋ ತೆಗೆಯುವುದು ನನ್ನ ಹೊಟ್ಟೆಪಾಡು. ಇಡೀ ಸಭಾಂಗಣವನ್ನು ಒಂದೇ ಏಟಿಗೆ ಹಿಡಿಯುವ ವೈಡ್ ಲೆನ್ಸನ್ನು ಆಗಷ್ಟೇ ಕೊಂಡಿದ್ದೆ, ಅದರ ಅಮಲು ಇನ್ನೂ ಇಳಿದಿರಲಿಲ್ಲ. ಬೆಟ್ಟಗುಡ್ಡದ ಫೋಟೋಗೆ ವೈಡ್ ಲೆನ್ಸೇ ಸರಿ, ಅದರಲ್ಲಿ ಎರಡು ಮಾತಿಲ್ಲ ಎಂದುಕೊಂಡು ಬಸ್ಸು ಹತ್ತಿದೆ.

ಹಳೇ ಮನೆ ಈಗ ಬಣ್ಣದ ವ್ಯಾಪಾರಿಯೊಬ್ಬರ ಗೋದಾಮು. ಅಡುಗೆಮನೆಯ ತುಂಬ ಡಬ್ಬಗಳು. ಕಾವಲಿನವನು ಹಿತ್ತಲಿಗೆ ಬಿಟ್ಟ. ಅಡುಗೆಮನೆಯ ಕಿಟಕಿಯ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು ನಿಂತು ಕ್ಲಿಕ್ಕಿಸಿದೆ. ಚಿತ್ರದಲ್ಲಿ ಮುಕ್ಕಾಲು ಪಾಲು ಆಕಾಶ. ಕೆಳಗೆ ಕೆರೆ, ರೈಲು ಹಳಿ, ಒಂದಷ್ಟು ಹಂಚಿನ ಮನೆಗಳು. ಎಲ್ಲದರ ಹಿಂದೆ ಅಂಗಿಯ ಗುಂಡಿಯಷ್ಟು ಬೆಟ್ಟ. ಹತ್ತಿರ ಹೋದರೆ ದೊಡ್ಡದಾದೀತೆಂದು ಕೆರೆ ಏರಿಯವರೆಗೂ ನಡೆದು ನೋಡಿದೆ. ಗುಂಡಿ ಗುಂಡಿಯಾಗಿಯೇ ಇತ್ತು.

ಆ ಫೋಟೋವನ್ನು ಅತ್ತೆ ಬಹಳ ಹೊತ್ತು ನೋಡಿದಳು. ಜಗಳ ತೆಗೆಯುತ್ತಾಳೆ ಎಂದು ನಾನು ಕಾದೆ, ತೆಗೆಯಲಿಲ್ಲ. ಸೊಂಟದಿಂದ ಬೀಗದಕೈ ತೆಗೆದು ತಮ್ಮನ ಕೈಗಿಟ್ಟಳು, ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿದಳು, ಫೋಟೋವನ್ನು ಗೋಡೆಯ ಕಡೆ ಮುಖ ಮಾಡಿ ಒರಗಿಸಿಟ್ಟಳು. "ಹಾಗಾದ್ರೆ ನಾನು ನೋಡಿದ್ದು ಏನು?" ಎಂದು ತನ್ನನ್ನು ತಾನೇ ಕೇಳಿಕೊಂಡಳು. ಗೆದ್ದ ಚಿಕ್ಕಪ್ಪನ ಮುಖದಲ್ಲೂ ಕಳೆ ಇರಲಿಲ್ಲ.

ನನ್ನ ತಲೆಯಲ್ಲಿ ಮಾತ್ರ ಒಂದು ಹುಳ ಕೊರೆಯುತ್ತಿತ್ತು. ಕಟ್ಟುಕಥೆಯಾಗಿದ್ದರೆ ಪ್ರತಿ ಸಲವೂ ಎಲ್ಲಾದರೂ ಸ್ವಲ್ಪ ಬದಲಾಗಬೇಕಿತ್ತು. ಅತ್ತೆಯ ಬೆಟ್ಟ ನಾನು ಚಿಕ್ಕವಳಿದ್ದಾಗಿನಿಂದ ಒಂದೇ: ಬಂಡೆಯ ಮೇಲೆ ಓರೆಯಾಗಿ ಒಂದು ಬಿರುಕು, ಬಿರುಕಿನ ಬಾಯಲ್ಲಿ ಎಡಕ್ಕೆ ವಾಲಿದ ಒಂಟಿ ಮರ. ಗುಂಡಿಯಷ್ಟು ಬೆಟ್ಟದಲ್ಲಿ ಬಿರುಕು ಕಾಣುವುದಾದರೂ ಹೇಗೆ?

ಮುಚ್ಚಿದ ಅಂಗಡಿಯಲ್ಲಿ ಇಸ್ತ್ರಿ ಮೇಜು ಮಾತ್ರ ಖಾಲಿ ಇತ್ತು. ಒಂದು ದಿನ ಬೆಳಿಗ್ಗೆ ಹಿಂದಿನ ಗೋಡೆಯ ಪಕ್ಕ ನಿಂತು ನನ್ನ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೆ. ಎದುರಿನ ಪುಟ್ಟ ಕಿಟಕಿಯ ತುಂಬ ಬೀದಿಯಾಚೆಯ ನೀರಿನ ಟ್ಯಾಂಕು ಕಂಡಿತು. ಅದರ ಮೇಲೆ ಏನೋ ಹಕ್ಕಿ. ಸರಿಯಾಗಿ ನೋಡೋಣವೆಂದು ಕಿಟಕಿಗೆ ಹೋದೆ. ಟ್ಯಾಂಕು ಸೊರಗಿಹೋಯಿತು! ಸುತ್ತ ಆಕಾಶ, ತಂತಿ, ತಾರಸಿಗಳು, ನಡುವೆ ಎಲ್ಲೋ ಒಂದು ಟ್ಯಾಂಕು. ಮತ್ತೆ ಹಿಂದಿನ ಗೋಡೆಗೆ ಬಂದೆ. ಮತ್ತೆ ಕಿಟಕಿ ತುಂಬ ಟ್ಯಾಂಕು. ಹೋದೆ, ಬಂದೆ, ಹೋದೆ, ಬಂದೆ. ಬೆಳೆಯುತ್ತಿದ್ದುದು ಟ್ಯಾಂಕಲ್ಲ, ಕುಗ್ಗುತ್ತಿದ್ದುದು ಕಿಟಕಿ. ಹಿಂದೆ ಸರಿದಷ್ಟೂ ಕಿಟಕಿ ಸಣ್ಣದಾಗಿ ಸುತ್ತಲಿನದನ್ನೆಲ್ಲ ಕತ್ತರಿಸಿ ಹಾಕುತ್ತಿತ್ತು, ಉಳಿಯುತ್ತಿದ್ದುದು ಟ್ಯಾಂಕೊಂದೇ.

"ಏನೇ ಅದು, ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಾ ಇದೀಯ?" ಒಳಗಿಂದ ಅತ್ತೆಯ ದನಿ.

"ಅತ್ತೆ, ನೀನು ಬೆಟ್ಟ ನೋಡುವಾಗ ಎಲ್ಲಿ ನಿಂತಿರ್ತಿದ್ದೆ?"

"ನಿಲ್ಲೋದೆಲ್ಲಿ ಬಂತು? ಕೂತಿರ್ತಿದ್ದೆ. ಒಲೆ ಮುಂದೆ."

ಇಸ್ತ್ರಿಪೆಟ್ಟಿಗೆ ಆರಿಸಿ ಆಗಲೇ ಹೊರಟೆ. ಈ ಸಲ ಚೀಲದಲ್ಲಿ ಹಳೇ ಟೆಲಿ ಲೆನ್ಸೂ ಇತ್ತು. ಶಾಲೆಯ ಆಟೋಟದ ದಿನ ಮೈದಾನದಾಚೆ ಓಡುವ ಮಕ್ಕಳ ಮುಖ ಹಿಡಿಯಲಷ್ಟೇ ಅದನ್ನು ಬಳಸುತ್ತಿದ್ದೆ. ಅದನ್ನು ಬೆಟ್ಟಕ್ಕೆ ತಿರುಗಿಸುವ ಯೋಚನೆ ನನಗೆ ಬಂದೇ ಇರಲಿಲ್ಲ. ಕಾವಲಿನವನನ್ನು ಕಾಡಿ ಬೇಡಿ ಅಡುಗೆಮನೆಯ ಡಬ್ಬಗಳನ್ನು ಪಕ್ಕಕ್ಕೆ ಸರಿಸಿದೆ. ಕಿಟಕಿಯಿಂದ ಬಹಳ ದೂರದ, ಕೋಣೆಯ ತೀರಾ ಒಳಗಿನ ಮೂಲೆಯಲ್ಲಿ ಗೋಡೆ ಇನ್ನೂ ಮಸಿಗಪ್ಪಾಗಿತ್ತು. ಒಲೆ ಅಲ್ಲೇ ಇದ್ದದ್ದು. ನೆಲದ ಮೇಲೆ ಕೂತು ತಲೆಯೆತ್ತಿದೆ.

ಕಿಟಕಿ ತುಂಬ ಬೆಟ್ಟ. ಆಕಾಶಕ್ಕೆ ಜಾಗವೇ ಇರಲಿಲ್ಲ.

ಮೊದಲು ವೈಡ್ ಲೆನ್ಸ್ ಹಾಕಿ ನೋಡಿದೆ. ಡಬ್ಬ, ಗೋಡೆ, ಜೇಡರಬಲೆ, ನನ್ನ ಕಾಲ್ಬೆರಳು, ಎಲ್ಲ ಬಂತು. ಕಿಟಕಿ ಅಂಚೆಚೀಟಿಯಾಯಿತು, ಬೆಟ್ಟ ಮಾಯ. ಟೆಲಿ ಹಾಕಿದೆ. ಉಳಿದದ್ದೆಲ್ಲ ಆಚೆ ಹೋಗಿ ಕಿಟಕಿಯ ಚೌಕಟ್ಟು, ಚೌಕಟ್ಟು ತುಂಬ ಬಂಡೆ, ಓರೆಯಾದ ಬಿರುಕು, ಎಡಕ್ಕೆ ವಾಲಿದ ಮರ. ಏಳುವಾಗ ಕಿಟಕಿಯ ಅಗಲವಾದ ಕಟ್ಟೆ ಕಣ್ಣಿಗೆ ಬಿತ್ತು. ಯಾರೋ ಕೂತು ಕೂತು ಅದರ ಅಂಚು ಸವೆದು ನುಣುಪಾಗಿತ್ತು. ಅತ್ತೆಯಂತೂ ಅಲ್ಲ.

ಸಂಜೆ ಇಬ್ಬರನ್ನೂ ಅಂಗಡಿಯಲ್ಲಿ ಕೂರಿಸಿ ಫೋಟೋವನ್ನು ಕತ್ತರಿ ಮೇಜಿನ ಮೇಲಿಟ್ಟೆ. ಅತ್ತೆ ಕನ್ನಡಕ ಹಾಕಿಕೊಳ್ಳಲೂ ಇಲ್ಲ. "ಇದೇ" ಎಂದಳು. ಬೆರಳಿನಿಂದ ಬಿರುಕನ್ನು ಮೇಲಿನಿಂದ ಕೆಳಗಿನವರೆಗೆ ಸವರಿದಳು. "ಇದೇ ಕಣೋ. ನಂಗೇನೂ ಆಗಿಲ್ಲ."

ಚಿಕ್ಕಪ್ಪ ನನ್ನನ್ನು ದುರುಗುಟ್ಟಿ ನೋಡಿದ. "ಇದೇನು ಕಣ್ಕಟ್ಟು? ನಾನು ದಿನಾ ಆ ಕಿಟಕಿ ಕಟ್ಟೆ ಮೇಲೇ ಕೂತಿರ್ತಿದ್ದೆ. ಯಾವತ್ತೂ ಇಷ್ಟು ದೊಡ್ಡದು ಕಂಡಿಲ್ಲ. ಎಲ್ಲಿಂದ ತೆಗೆದೆ?"

"ಒಲೆ ಇದ್ದ ಮೂಲೆಯಿಂದ, ಚಿಕ್ಕಪ್ಪ. ನೆಲದ ಮೇಲೆ ಕೂತು."

"ಇವನು ಕಟ್ಟೆ ಮೇಲೆ ಕೂತ್ರೆ ಅರ್ಧ ಬೆಟ್ಟಕ್ಕೆ ಇವನ ತಲೆ ಅಡ್ಡ" ಎಂದಳು ಅತ್ತೆ, ನಗುತ್ತಲೇ. "ಸರಿಯೋ ಅಂದ್ರೆ ಸರೀತಾನೇ ಇರಲಿಲ್ಲ."

ಚಿಕ್ಕಪ್ಪ ನಗಲಿಲ್ಲ. "ನೀನೂ ಬಂದು ಕೂರಬಹುದಿತ್ತಲ್ಲ ಅಕ್ಕ?"

"ಅಮ್ಮ ಹಾಸಿಗೆ ಹಿಡಿದ ಮೇಲೆ ಒಲೆ ಯಾರು ನೋಡ್ಬೇಕಿತ್ತು? ಎದ್ದರೆ ಹಾಲು ಉಕ್ಕೋದು. ಅಪ್ಪ ಬೈಯೋರು." ಅದರಲ್ಲಿ ದೂರು ಇರಲಿಲ್ಲ, ಯಾರದೋ ಅಳತೆ ಹೇಳುವಂತೆ ಹೇಳಿದಳು.

ಚಿಕ್ಕಪ್ಪ ತಲೆ ತಗ್ಗಿಸಿದ. ಆಮೇಲೆ ಜೇಬಿನಿಂದ ಬೀಗದಕೈ ತೆಗೆದು ಯಂತ್ರದ ಪಕ್ಕ ಇಟ್ಟ. ಅದರ ಸದ್ದಿಗೂ ಅತ್ತೆ ತಿರುಗಲಿಲ್ಲ. ಗೋಡೆಯ ಕಡೆ ಮುಖ ಮಾಡಿದ್ದ ಮೊದಲ ಫೋಟೋವನ್ನು ಎತ್ತಿಕೊಂಡು ಬಂದು, ಈ ಸಲ ಕನ್ನಡಕ ಹಾಕಿಕೊಂಡು, ತಮ್ಮನ ಪಕ್ಕದಲ್ಲಿ ಕೂತಳು.

"ಹಾಗಾದ್ರೆ ನೀನು ನೋಡ್ತಿದ್ದದ್ದು ಇದು" ಎಂದಳು. "ಈ ಹೊಳೀತಾ ಇರೋದು ಏನೋ?"

"ಕೆರೆ, ಅಕ್ಕ."

"ಆ ಕಿಟಕಿಯಿಂದ ಕೆರೆ ಕಾಣ್ತಿತ್ತಾ?"

ಚಿಕ್ಕಪ್ಪ ಫೋಟೋವನ್ನು ಅವಳ ಕಡೆಗೆ ಇನ್ನಷ್ಟು ಸರಿಸಿದ. "ಕಾಣ್ತಿತ್ತು ಅಕ್ಕ, ಕಿಟಕಿ ಕೆಳಗೇ ಇತ್ತು" ಎಂದು, ಬೆರಳಿಟ್ಟು ಒಂದೊಂದಾಗಿ ತೋರಿಸತೊಡಗಿದ.